ಪ್ರತಿಕ್ರಿಯೆ: ಘಾನಾದ ತಮಾಲೆ ಹತ್ತಿರದ ಮಿಷನ್ ಮನೆಯಲ್ಲಿ ಡಿಸೆಂಬರ್‌ನಿಂದ ಸೋಲಾರ್ ದೀಪ ಬೇಗ ಆರುತ್ತಿದೆ, ಬ್ಯಾಟರಿ ಬದಲಿಸಬೇಕಾ?

ಬ್ಯಾಟರಿಗಿಂತ ಮೊದಲು ಪ್ಯಾನೆಲ್ ಮೇಲಿನ ಧೂಳು ನೋಡಿ, ಸಿಸ್ಟರ್. ಉತ್ತರ ಘಾನಾದಲ್ಲಿ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸಹಾರಾ ಕಡೆಯಿಂದ ಹರ್ಮಟಾನ್ ಗಾಳಿ ಬೀಸುತ್ತದೆ. ಅದರ ನುಣ್ಣನೆ ಧೂಳು ಗಾಜಿಗೆ ಅಂಟುತ್ತದೆ, ಆಕಾಶವೂ ಮಬ್ಬಾಗಿರುತ್ತದೆ. ನಾವಿದ್ದ ಮಿಷನ್ ಮನೆಯಲ್ಲೂ ಹೀಗೇ ಆಗಿತ್ತು.

ಬಿಸಿಲೇರುವ ಮೊದಲೇ, ಪ್ಯಾನೆಲ್ ತಣ್ಣಗಿರುವಾಗ, ನೀರು ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗಾಜಿಗೆ ಗೀರು ಬೀಳುತ್ತದೆ. ಒಣಗಾಲದಲ್ಲಿ ನೀರಿಗೆ ಎಷ್ಟು ಕಷ್ಟ ಅಂತ ಗೊತ್ತು. ಒಂದು ಚೊಂಬು ಸಾಕು, ಆದರೆ ವಾರಕ್ಕೊಮ್ಮೆ ತಪ್ಪಿಸಬೇಡಿ.

ಆಮೇಲೆ ಬ್ಯಾಟರಿ ನೀರಿನ ಮಟ್ಟ ನೋಡಿ. ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬ್ಯಾಟರಿ ಎಷ್ಟು ವರ್ಷ ಹಳೆಯದು ಅಂತ ನೀವು ಬರೆದಿಲ್ಲ, ಹಾಗಾಗಿ ಬ್ಯಾಟರಿಯೇ ಹೋಗಿರಲೂಬಹುದು. ನಾಲ್ಕೈದು ದಿನ ಫ್ಯಾನ್, ಫೋನ್ ಚಾರ್ಜಿಂಗ್ ಕಡಿಮೆ ಮಾಡಿ ನೋಡಿ. ಆಗಲೂ ದೀಪ ಬೇಗ ಆರಿದರೆ ಹೊಸ ಬ್ಯಾಟರಿ ತರಿಸಿ.