ಸುದ್ದಿಯ ಜಾಗದಲ್ಲಿ ಅಡುಗೆ ಯಾಕೆ?

ಪ್ರಶ್ನೆ: ಬ್ರೆಜಿಲ್‌ನಲ್ಲಿ ಮಿಲಿಟರಿ ಆಡಳಿತ ಇದ್ದಾಗ ಪತ್ರಿಕೆಗಳು ಸುದ್ದಿಯ ಜಾಗದಲ್ಲಿ ಪದ್ಯ, ಅಡುಗೆ ವಿಧಾನ ಹಾಕುತ್ತಿದ್ದವಂತೆ. ಕಾಲೇಜಿನ ಭಾಷಣಕ್ಕೆ ಓದುತ್ತಿದ್ದ ಮಗಳು ಕೇಳಿದಳು. ಸುಮ್ನೆ ಜಾಗ ಖಾಲಿ ಬಿಡಬಹುದಿತ್ತು ಅಲ್ವಾ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ ಮಗಳು. ಖಾಲಿ ಬಿಡೋಕೆ ಅಲ್ಲಿ ಬಿಡುತ್ತಿರಲಿಲ್ಲ.

ನಾನು ಬಳ್ಳಾರಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದವನು. ಖಾಲಿ ಜಾಗ ಅಂದರೆ ಏನೂ ಇಲ್ಲ ಅಂತ ಎಲ್ಲರೂ ತಿಳಿಯುತ್ತಾರೆ. ನಮಗೆ ಹಾಗಲ್ಲ. ಪುಟದ ಚೌಕಟ್ಟಿನೊಳಗೆ ಮರದ ತುಂಡು, ಸೀಸದ ಪಟ್ಟಿ ಒತ್ತಾಗಿ ತುಂಬಬೇಕು. ಇಲ್ಲದಿದ್ದರೆ ಎತ್ತುವಾಗ ಇಡೀ ಪುಟದ ಮೊಳೆ ಕಳಚಿ ನೆಲಕ್ಕೆ ಬೀಳುತ್ತದೆ. ಆ ತುಂಡುಗಳು ಮೊಳೆಗಿಂತ ಗಿಡ್ಡ. ಮಸಿ ತಾಗುವುದಿಲ್ಲ, ಕಾಗದ ಬೆಳ್ಳಗೆ ಉಳಿಯುತ್ತದೆ. ಆ ಬಿಳಿ ಕಂಡ ಓದುಗನಿಗೆ ಗೊತ್ತಾಗುತ್ತದೆ, ಇಲ್ಲಿಂದ ಏನನ್ನೋ ಕಿತ್ತಿದ್ದಾರೆ ಅಂತ. ಅಧಿಕಾರದಲ್ಲಿ ಇರುವವರಿಗೆ ಇದೇ ಭಯ. ನಮ್ಮಲ್ಲಿ ತುರ್ತು ಪರಿಸ್ಥಿತಿ ತಂದದ್ದು ಮಿಲಿಟರಿಯಲ್ಲ, ಚುನಾಯಿತ ಸರ್ಕಾರ. ಆಗಲೂ 1975ರ ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗ ಖಾಲಿ ಬಿಟ್ಟಿತು. ಆಮೇಲೆ ಖಾಲಿ ಬಿಡಕೂಡದು ಅಂತಲೂ ಅಪ್ಪಣೆ ಬಂತು.

ಬ್ರೆಜಿಲ್‌ನಲ್ಲಿ ಸೈನ್ಯ ಅಧಿಕಾರ ಹಿಡಿದದ್ದು 1964ರಲ್ಲಿ. 1968ರ ಡಿಸೆಂಬರ್ 13ರಂದು ಹಿಡಿತ ಇನ್ನೂ ಬಿಗಿಯಾಯಿತು. ಮರುದಿನವೇ ಜೊರ್ನಾಲ್ ದೊ ಬ್ರಾಸಿಲ್ ಪತ್ರಿಕೆ ಹವಾಮಾನದ ಮೂಲೆಯಲ್ಲಿ ಉಸಿರುಗಟ್ಟುವ ಸೆಕೆ, ಬಿರುಗಾಳಿ ಅಂತ ಬರೆಯಿತು. ಓದಿದವರಿಗೆ ಅರ್ಥ ಆಗದೆ ಇರುತ್ತಾ? ಸಾವೊ ಪಾಲೊ ನಗರದ ಓ ಎಸ್ಟಾಡೊ ಪತ್ರಿಕೆಯಲ್ಲಿ ಸೆನ್ಸಾರ್‌ನವರು ಅಚ್ಚಿಗೆ ಮುಂಚೆಯೇ ಪುಟ ನೋಡಿ ಸುದ್ದಿ ಕೀಳುತ್ತಿದ್ದರು. 1973ರಿಂದ ಪತ್ರಿಕೆಯವರು ಆ ಜಾಗಕ್ಕೆ 16ನೇ ಶತಮಾನದ ಪೋರ್ಚುಗೀಸ್ ಕವಿ ಕಮೋಯಿಶ್‌ನ ಸಾಲುಗಳನ್ನು ಹಾಕಿದರು. ಅದೇ ಸಂಸ್ಥೆಯ ಜೊರ್ನಾಲ್ ದಾ ತಾರ್ದೆ ಹಾಕಿದ್ದು ಅಡುಗೆ. ರಾಜಕೀಯದ ಸುದ್ದಿ ಪಕ್ಕ ಕೇಕ್ ಮಾಡುವ ವಿಧಾನ! ಅಲ್ಲಿ ಅದು ಹೊಂದುವುದಿಲ್ಲ ಅನ್ನೋದೇ ಓದುಗನಿಗೆ ಸುಳಿವು. ಆ ಪತ್ರಕರ್ತರನ್ನು ನೆನೆದರೆ ನನಗೆ ಈಗಲೂ ಎದೆ ತುಂಬುತ್ತದೆ.

ಬರ್ಮಾದಲ್ಲಿ ಇನ್ನೂ ಕಷ್ಟ. 1962ರಿಂದ ಸೈನ್ಯದ ಹಿಡಿತ. ಅಚ್ಚಾದ ಮ್ಯಾಗಜೀನಿನ ಸಾಲುಗಳ ಮೇಲೆ ಮಸಿ ಬಳಿಸಿದರು, ಹಾಳೆ ಹರಿದು ಹಾಕಿಸಿದರು. 2012ರ ಆಗಸ್ಟ್‌ನಲ್ಲಿ ಮುಂಚಿತವಾಗಿ ಸೆನ್ಸಾರಿಗೆ ತೋರಿಸುವ ನಿಯಮ ಹೋಯಿತು. ಆದರೆ 2021ರ ಫೆಬ್ರವರಿಯಲ್ಲಿ ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡಿತು. ಮರುತಿಂಗಳೇ ಐದು ಸುದ್ದಿ ಸಂಸ್ಥೆಗಳ ಲೈಸೆನ್ಸ್ ರದ್ದು. ಖಾಲಿ ಬಿಡೋಕೂ ಅವರಿಗೆ ಪುಟ ಉಳಿಯಲಿಲ್ಲ.

ಭಾಷಣಕ್ಕೆ ಬೇಕಾದರೆ ಮಗಳನ್ನು ಬಳ್ಳಾರಿಗೆ ಕರೆದುಕೊಂಡು ಬನ್ನಿ. ಹಳೆಯ ಮರದ ತುಂಡುಗಳನ್ನು ಒಂದು ಡಬ್ಬಿ ತುಂಬ ಇಟ್ಟುಕೊಂಡಿದ್ದೇನೆ. ಎರಡು ಅವಳಿಗೆ ಕೊಡುತ್ತೇನೆ.