ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಹೋಮ್‌ಸ್ಟೇ ಇದೆ. ವೆಬ್‌ಸೈಟ್‌ಗೆ ಜನ ಬರುವಂತೆ ಮಾಡುವುದು ಹೇಗೆ?

ಮೊದಲು ಗೂಗಲ್ ಮ್ಯಾಪ್‌ನಲ್ಲಿ ಹೋಮ್‌ಸ್ಟೇ ನೋಂದಾಯಿಸಿ, ಅಲ್ಲಿ ವೆಬ್‌ಸೈಟ್ ಲಿಂಕ್ ಹಾಕಿ. ಇದಕ್ಕೆ ದುಡ್ಡು ಬೇಡ. ನಿಮ್ಮ ಹೆಸರು ಗೊತ್ತಿಲ್ಲದವರು ಹುಡುಕುವುದು ‘ಜೋಗದ ಹತ್ತಿರ ರೂಮ್’ ಎಂದು. ಅಂಥ ಕಡೆ ಗೂಗಲ್ ಮುಖ್ಯವಾಗಿ ನೋಡುವುದು ಮೂರು: ಕೇಳಿದ್ದಕ್ಕೆ ಹೊಂದುತ್ತದೆಯೇ, ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರ ನಿಮ್ಮ ಕೈಲಿಲ್ಲ, ಬಿಡಿ. ಹೆಸರುವಾಸಿಯಾಗಲು ರಿವ್ಯೂ ಬೇಕು. ಹೊರಡುವ ಅತಿಥಿಗೆ ರಿವ್ಯೂ ಬರೆಯುವ ಲಿಂಕನ್ನು ವಾಟ್ಸಾಪ್ ಮಾಡಿ. ಆದರೆ ರಿವ್ಯೂಗೆ ಡಿಸ್ಕೌಂಟ್ ಕೊಡಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ.

ಇನ್ನು ಸೈಟ್‌ನಲ್ಲಿ, ಜನ ಫೋನ್ ಮಾಡಿ ಕೇಳುವುದನ್ನೇ ಬರೆಯಿರಿ: ಸಾಗರ ಸ್ಟೇಷನ್‌ನಿಂದ ಬರುವುದು ಹೇಗೆ, ಮಳೆಗಾಲದಲ್ಲಿ ಕಾರು ಅಂಗಳದವರೆಗೆ ಬರುತ್ತದೆಯೇ, ಯಾವ ಸಿಮ್‌ಗೆ ಸಿಗ್ನಲ್ ಇದೆ. ದರಪಟ್ಟಿಯನ್ನು ಫೋಟೋ ಮಾಡಿ ಹಾಕದೆ ಟೈಪ್ ಮಾಡಿ. ಚಿತ್ರದೊಳಗಿನ ಅಕ್ಷರವನ್ನು ಗೂಗಲ್ ಹುಡುಕಾಟಕ್ಕೆ ನೆಚ್ಚಿಕೊಳ್ಳುವಂತಿಲ್ಲ. 5 ಎಂಬಿಯ ಫೋಟೋಗಳನ್ನು 200 ಕೆಬಿಗೆ ಇಳಿಸಿ, ಘಟ್ಟದ ಸಿಗ್ನಲ್‌ನಲ್ಲಿ ದೊಡ್ಡ ಫೋಟೋ ಬೇಗ ತೆರೆಯುವುದಿಲ್ಲ.