ರಕ್ತನಿಧಿಯ ಫ್ರಿಜ್‌ನ ಅಲಾರಂ: ಯಾವ ಟರ್ಮಿನಲ್‌ಗೆ ವೈರು?

ಪ್ರಶ್ನೆ: ನಾನು ಆಸ್ಪತ್ರೆಯೊಂದರ ವಿದ್ಯುತ್ ನಿರ್ವಹಣೆ ನೋಡಿಕೊಳ್ಳುತ್ತೇನೆ. ರಕ್ತನಿಧಿಯ ಫ್ರಿಜ್‌ನ ಹಿಂಬದಿಯಲ್ಲಿ ‘ಕಾಮ್’, ‘ಎನ್‌ಓ’, ‘ಎನ್‌ಸಿ’ ಎಂದು ಬರೆದಿರುವ ಮೂರು ಟರ್ಮಿನಲ್‌ಗಳಿವೆ. ಅಲಾರಂ ಅನ್ನು ನೆಲಮಹಡಿಯ ನಿಗಾ ಪ್ಯಾನೆಲ್‌ಗೆ ಕೊಡಬೇಕಾಗಿದೆ. ಕಾಮ್ ಮತ್ತು ಎನ್‌ಓಗೆ ವೈರು ಹಾಕಿದರೆ ಸಾಕೆನ್ನುತ್ತಾರೆ. ಇದು ಸರಿಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಚ್ಚಾಗಿರುವ ಅಕ್ಷರವನ್ನು ನಂಬಿ ವೈರು ಹಾಕಬೇಡಿ. ಕಾಮ್ ಎರಡಕ್ಕೂ ಸೇರಿದ ಟರ್ಮಿನಲ್; ಎನ್‌ಓ ಎಂದರೆ ಸಾಮಾನ್ಯ ಸ್ಥಿತಿಯಲ್ಲಿ ತೆರೆದಿರುವುದು (ಕರೆಂಟು ಹರಿಯದು), ಎನ್‌ಸಿ ಎಂದರೆ ಮುಚ್ಚಿರುವುದು (ಕರೆಂಟು ಹರಿಯುತ್ತದೆ) ಎಂದು ನಾವೆಲ್ಲ ಕಲಿತಿದ್ದೇವೆ. ಆದರೆ ಆ ‘ಸಾಮಾನ್ಯ’ವು ರಿಲೇಯ (ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್) ಸುರುಳಿಗೆ ವಿದ್ಯುತ್ ಇಲ್ಲದ ಸ್ಥಿತಿಯೇ ಹೊರತು ಫ್ರಿಜ್ ಸರಿಯಾಗಿ ನಡೆಯುತ್ತಿರುವ ಸ್ಥಿತಿಯಲ್ಲ. ಅನೇಕ ಉಪಕರಣಗಳಲ್ಲಿ ಎಲ್ಲವೂ ಸರಿಯಿರುವಷ್ಟು ಹೊತ್ತು ರಿಲೇ ಎಳೆದುಕೊಂಡೇ ಇದ್ದು, ಉಷ್ಣಾಂಶ ಏರಿದಾಗ ಅಥವಾ ಕರೆಂಟು ಹೋದಾಗ ಬಿಟ್ಟುಕೊಳ್ಳುತ್ತದೆ. ಅಂಥ ಫ್ರಿಜ್‌ನಲ್ಲಿ ಎನ್‌ಓ ಎಂದು ಬರೆದಿರುವ ಕಾಂಟ್ಯಾಕ್ಟೇ ದಿನವಿಡೀ ಮುಚ್ಚಿರುತ್ತದೆ. ಕೆಲವು ತಯಾರಕರು ಅಲಾರಂ ಇಲ್ಲದ ಸ್ಥಿತಿಯನ್ನೇ ಸಾಮಾನ್ಯವೆಂದು ಎಣಿಸಿ ಹೆಸರು ಕೊಟ್ಟಿರುವುದೂ ಉಂಟು.

ಆದ್ದರಿಂದ ಮಲ್ಟಿಮೀಟರ್ ಹಿಡಿದು ಮೂರು ಸ್ಥಿತಿಗಳಲ್ಲಿ ಪರೀಕ್ಷಿಸಿ: ಫ್ರಿಜ್ ಸರಿಯಿರುವಾಗ, ಅಲಾರಂ ಬಂದಾಗ, ಪ್ಲಗ್ ತೆಗೆದಾಗ. ಮೊದಲನೆಯದರಲ್ಲಿ ಮುಚ್ಚಿದ್ದು ಉಳಿದೆರಡರಲ್ಲಿ ತೆರೆದುಕೊಳ್ಳುವ ಜೋಡಿಯೇ ನಿಮಗೆ ಬೇಕಾದದ್ದು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಲಾರಂ ಬಂದಾಗ ಮುಚ್ಚುವ ಜೋಡಿಯನ್ನು ಬಳಸಿದರೆ, ಫಾಲ್ಸ್ ಸೀಲಿಂಗ್ ಮೇಲೆ ಇಲಿ ವೈರು ಕಡಿದ ದಿನದಿಂದ ಪ್ಯಾನೆಲ್ ಸುಮ್ಮನೆ ಹಸಿರು ತೋರಿಸುತ್ತಲೇ ಇರುತ್ತದೆ. 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ರಕ್ತ ಬೆಚ್ಚಗಾದದ್ದು ಯಾರಿಗೂ ತಿಳಿಯುವುದಿಲ್ಲ.

ಕಂಟಿನ್ಯುಯಿಟಿ (ಜೋಡಿ ಮುಚ್ಚಿದೆಯೇ ಎಂಬುದು) ನೋಡುವ ಮೊದಲು ವೋಲ್ಟೇಜ್ ನೋಡಲೇಬೇಕು. ಒಂದು ಕಡೆ ನಾನು ಮುಚ್ಚಳ ತೆರೆದಾಗ, ಹಿಂದೆ ಯಾರೋ ಹೂಟರ್‌ಗಾಗಿ 230 ವೋಲ್ಟ್ ಫೇಸನ್ನು ಕಾಮ್ ಟರ್ಮಿನಲ್‌ಗೆ ತಂದಿದ್ದರು. ಅಲ್ಲಿಂದ ನೇರವಾಗಿ ವೈರು ಎಳೆದಿದ್ದರೆ, ಪ್ಯಾನೆಲ್‌ನ 24 ವೋಲ್ಟ್ ಡಿಸಿಯ ಇನ್‌ಪುಟ್ ಕಾರ್ಡ್ ಸುಟ್ಟುಹೋಗುತ್ತಿತ್ತು. ಇಂಥ ಸಂದರ್ಭದಲ್ಲಿ ನಡುವೆ ಬೇರೊಂದು ರಿಲೇ ಹಾಕಿ, ಅದರ ವೋಲ್ಟೇಜ್‌ರಹಿತ ಕಾಂಟ್ಯಾಕ್ಟನ್ನು ಮಾತ್ರ ಪ್ಯಾನೆಲ್‌ಗೆ ಕೊಡಬೇಕು.

ಮುಚ್ಚಿರುವ ಕಾಂಟ್ಯಾಕ್ಟಿಗೂ ಒಂದು ದೌರ್ಬಲ್ಯವಿದೆ: ಎರಡು ವೈರುಗಳು ದಾರಿಯಲ್ಲೇ ಒಂದಕ್ಕೊಂದು ತಾಗಿಕೊಂಡರೆ ಅಲಾರಂ ಬರುವುದೇ ಇಲ್ಲ. ನಿಮ್ಮ ಪ್ಯಾನೆಲ್‌ನಲ್ಲಿ ರೆಸಿಸ್ಟರ್ ಮೂಲಕ ಲೈನನ್ನು ಕಾಯುವ ಸೌಲಭ್ಯವಿದ್ದರೆ, ಕಾಂಟ್ಯಾಕ್ಟಿಗೆ ಅಡ್ಡಲಾಗಿ ಒಂದನ್ನೂ ಸರಣಿಯಲ್ಲಿ ಇನ್ನೊಂದನ್ನೂ ಜೋಡಿಸಿ. ಆಗ ಅಲಾರಂ, ವೈರು ತುಂಡು, ಶಾರ್ಟ್ ಮೂರೂ ಪ್ರತ್ಯೇಕವಾಗಿ ಕಾಣುತ್ತವೆ. ಅವು ಎಷ್ಟು ಓಮ್‌ನವಾಗಿರಬೇಕು ಎಂಬುದು ಪ್ಯಾನೆಲ್‌ನ ಕೈಪಿಡಿಯಲ್ಲಿರುತ್ತದೆ. ರೆಸಿಸ್ಟರ್‌ಗಳು ಫ್ರಿಜ್ ಬದಿಯಲ್ಲೇ ಇರಬೇಕು. ಅನುಕೂಲವೆಂದು ಪ್ಯಾನೆಲ್ ಒಳಗೇ ಕೂರಿಸಿದರೆ ಅವು ದಾರಿಯ ವೈರನ್ನು ಕಾಯುವುದಿಲ್ಲ. ಕೇಬಲ್ ಹೆಣೆದ ಜೋಡಿಯದಾಗಿರಲಿ, ಶೀಲ್ಡ್ ಪ್ಯಾನೆಲ್ ಬದಿಯಲ್ಲಿ ಮಾತ್ರ ಅರ್ಥ್ ಆಗಿರಲಿ, ಪವರ್ ಕೇಬಲ್‌ಗಳಿಂದ ದೂರವಿರಲಿ.

ಕೊನೆಯಲ್ಲಿ, ಟರ್ಮಿನಲ್‌ನ ವೈರು ಬಿಚ್ಚಿ ನೋಡಿದ್ದನ್ನೇ ಪರೀಕ್ಷೆಯೆಂದು ಬರೆದುಕೊಳ್ಳಬೇಡಿ. ರಕ್ತನಿಧಿಯವರ ಒಪ್ಪಿಗೆ ಪಡೆದು ರಕ್ತವನ್ನು ಬೇರೆ ಫ್ರಿಜ್‌ಗೆ ಸಾಗಿಸಿದ ಮೇಲೆ, ಉಷ್ಣಾಂಶ ಅಳೆಯುವ ಪ್ರೋಬನ್ನು ಅದರ ದ್ರವದ ಬಾಟಲಿಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಳ್ಳಿ. ಉಷ್ಣಾಂಶ 6 ಡಿಗ್ರಿ ದಾಟಿ ಫ್ರಿಜ್ ಕೂಗಿದಾಗ, ಪ್ಯಾನೆಲ್ ಮುಂದಿರುವ ನಿಮ್ಮ ಸಹೋದ್ಯೋಗಿ ಇದೇ ಫ್ರಿಜ್‌ನ ಹೆಸರನ್ನು ಫೋನಿನಲ್ಲಿ ಓದಿ ಹೇಳಬೇಕು.